ಎರಡನೆಯ ಹಗೇವು

ಹಗೇವು ತೆರೆದರೆ ಮುಗ್ಗಿದ ಜೋಳದ ವಾಸನೆ ಮೂಗಿಗೆ ಬಡಿಯಬೇಕು. ಹೋದ ವಾರ ಕಳಸಾಪುರದ ನಮ್ಮ ಮನೆಯಂಗಳದಲ್ಲಿ ಎರಡನೆಯ ಹಗೇವಿನ ಬಾಯಿಗಲ್ಲು ಎತ್ತಿಸಿದಾಗ ಯಾವ ವಾಸನೆಯೂ ಬರಲಿಲ್ಲ. ಗೌಂಡಿ ಹಾರೆಯಿಂದ ಎರಡು ಏಟು ಹಾಕಿ, "ಇಲ್ಲಿ ಕುಣಿನ ಇಲ್ರಿ. ಗಟ್ಟಿ ನೆಲ ಐತಿ" ಎಂದ.

ಜೋಳ ತುಂಬಿಡಲು ನೆಲದಲ್ಲಿ ತೋಡಿದ ಕುಣಿಯೇ ಹಗೇವು ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲವೇನೋ. ಹಿಂದೆ ನಮ್ಮ ಕಡೆ ಹೆಣ್ಣು ಕೊಡುವವರು ವರನ ಮುಖಕ್ಕಿಂತ ಮೊದಲು ಅಂಗಳದಲ್ಲಿ ಬಾಯಿಗಲ್ಲು ಎಷ್ಟಿವೆ ಎಂದು ನೋಡುತ್ತಿದ್ದರು. ಊರಿಗೆಲ್ಲ ನಮ್ಮದು 'ಎರಡು ಹಗೇವಿನ ಮನಿ'. ಕಟ್ಟಿಸಿದವನು ನನ್ನ ಅಜ್ಜ ಅಂದಾನಪ್ಪ, ಊಟಕ್ಕೆ ಕೂತಾಗಲೂ ರುಮಾಲು ಬಿಚ್ಚದ ಬಿಗುವಿನ ಮನುಷ್ಯ. "ಎರಡನೇದ್ದು ಯಾವಾಗ ತಗಸ್ತಿ ಅಜ್ಜಾ?" ಎಂದು ನಾವು ಮಕ್ಕಳು ಕಾಡಿದರೆ, "ಅದು ಬರಗಾಲಕ್ಕ. ಸುಮ್ನ ಕುಂಡ್ರಿ" ಎನ್ನುತ್ತಿದ್ದ. ನಾನಂತೂ ಗದಗಿನ ಕಾಲೇಜಿನಲ್ಲಿ ಆ ಹಗೇವಿನ ಹೆಸರು ಹೇಳಿಯೇ ಮೀಸೆ ತಿರುವಿದವನು. ಮೀಸೆ ಆಗಿನ್ನೂ ಸರಿಯಾಗಿ ಬಂದಿರಲಿಲ್ಲ, ಆ ಮಾತು ಬೇರೆ.

ಈಗ ಕಲ್ಲು ಎತ್ತಿಸಿದ್ದೂ ಜಂಬಕ್ಕೇ. ನನ್ನ ಮಗಳು ಗಿರಿಜೆಯನ್ನು ನೋಡಲು ಲಕ್ಷ್ಮೇಶ್ವರದವರು ರವಿವಾರ ಬರುವವರಿದ್ದರು. ಅಷ್ಟರೊಳಗೆ ಎರಡೂ ಕಲ್ಲುಗಳನ್ನು ಎದ್ದು ಕಾಣುವಂತೆ ಕೂಡಿಸಬೇಕೆಂದು ಹೊರಟಿದ್ದೆ. ಈಗ ಅವರಿಗೇನು ಹೇಳಲಿ? ಅವರಿರಲಿ, ದೊಡ್ಡವ್ವನಿಗೇನು ಹೇಳಲಿ? ಈ ಎರಡು ಕಲ್ಲು ನೋಡಿಯೇ ಅವಳಪ್ಪ ಅವಳನ್ನು ನಮ್ಮ ದೊಡ್ಡಪ್ಪನಿಗೆ ಕೊಟ್ಟದ್ದು.

ಅಷ್ಟರಲ್ಲಿ ಅವಳೇ ಕೋಲೂರಿಕೊಂಡು ಬಂದು ಬಗ್ಗಿ ನೋಡಿದಳು.

"ನನಗ ಲಗ್ನಾದ ವರ್ಷನ ಗೊತ್ತಾಗೇತಿ. ಮಳಿ ಹೋತು, ಮೊದಲನೇ ಹಗೇವು ತಳ ಕಂಡಿತು. ಎರಡನೇದ್ದು ತಗಸ್ರಿ ಅಂದ್ರ ಮಾವ ತೆಳಗ ನೋಡಿದ್ರು. 'ಇರೂದು ಒಂದ ಐತೆವಾ, ನಿಮ್ಮಪ್ಪಗ ಹೇಳಬ್ಯಾಡ' ಅಂದ್ರು. ಆ ವರ್ಷ ಅವರು ಒಂದ ಹೊತ್ತು ಉಂಡು, ನನಗ ಎರಡು ಹೊತ್ತು ಉಣಿಸ್ಯಾರ. ಮುಚ್ಚೋ ಕಲ್ಲು, ಬೀಗರು ಬರ್ತಾರ."

ಅಜ್ಜನಿಗೆ ನಾನು ಹೆದರಿದ್ದೆನೇ ಹೊರತು ಅವನ ಮೇಲೆ ಪ್ರೀತಿ ಇತ್ತೋ ಇಲ್ಲವೋ ಹೇಳಲಾರೆ. ಅವತ್ತು ಕಣ್ಣು ತುಂಬಿದವು. ಕಲ್ಲನ್ನು ಇದ್ದಂತೆಯೇ ಮುಚ್ಚಿಸಿದೆ.

ರವಿವಾರ ಬಂದ ಹುಡುಗನ ಅಜ್ಜ ಚಪ್ಪಲಿ ಬಿಡುವ ಮೊದಲೇ ಅಂಗಳ ನೋಡಿ, "ಎರಡು ಹಗೇವೇನ್ರಿ?" ಎಂದರು. ಹೌದೆನ್ನಲು ನಾಲಿಗೆ ಏಳಲಿಲ್ಲ.

"ಒಂದ ರೀ. ಇನ್ನೊಂದು ಬರೇ ಕಲ್ಲು."

ಗಿರಿಜೆ ಬಾಗಿಲಲ್ಲೇ ನಿಂತಳು. ಆ ಹಿರಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಮ್ಮ ಮನ್ಯಾಗ ಮೂರು ಕಲ್ಲು ಅದಾವ್ರಿ. ಕುಣಿ ಎಷ್ಟು ಅಂತ ಮಾತ್ರ ಕೇಳಬ್ಯಾಡ್ರಿ!"

ಒಳಗಿನಿಂದ ದೊಡ್ಡವ್ವ, "ಆತು, ಬೀಗತನ ಕೂಡಿತು. ಸಕ್ರಿ ತರ್ರಿ" ಎಂದಳು.