ಲಾಟೀನ್ ತಲೆಯವರ ಆರನೆಯ ಚೌಕ

ತೊಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ಭಾನುವಾರ ಬೆಳಿಗ್ಗೆ ಟೀವಿಯಲ್ಲಿ ಒಂದು ಹಳೆಯ ವಿದೇಶಿ ಧಾರಾವಾಹಿ ಬರುತ್ತಿತ್ತು. ಮಾತು ಹಿಂದಿಯಲ್ಲಿ. ಬೇರೆ ಗ್ರಹದಿಂದ ಭೂಮಿಯನ್ನು ಗೆಲ್ಲಲು ಬಂದ ದುಷ್ಟರು ಅದರಲ್ಲಿದ್ದರು. ಅವರಿಗೆ ತಗಡಿನ ಮೈ, ತಲೆಯ ಜಾಗದಲ್ಲಿ ಗಾಜಿನ ಬುರುಡೆ, ಅದರೊಳಗೆ ಉರಿಯುವ ದೀಪ. ಬೈಲಹೊಂಗಲದ ನಮ್ಮ ಓಣಿಯಲ್ಲಿ ಅವರ ನಿಜವಾದ ಹೆಸರು ಯಾರ ಬಾಯಿಗೂ ಹತ್ತಲಿಲ್ಲ. ಎಲ್ಲರಿಗೂ ಅವರು ಲಾಟೀನ್ ತಲೆಯವರೇ.

ಅರ್ಧ ಗಂಟೆಯ ಆಟದಲ್ಲಿ ಇಪ್ಪತ್ತೈದು ನಿಮಿಷ ಅವರದೇ ಕಾರುಬಾರು. ಅಷ್ಟು ದೂರದಿಂದ ಹಡಗು ತರುತ್ತಿದ್ದರು, ಗುಡ್ಡ ಕೊರೆಯುತ್ತಿದ್ದರು, ಯಂತ್ರ ಜೋಡಿಸುತ್ತಿದ್ದರು. ಕೊನೆಯ ಐದು ನಿಮಿಷದಲ್ಲಿ ನಾಯಕ ಬಂದು ಯಾವುದೋ ಒಂದು ತಂತಿ ಕಿತ್ತರೆ ಎಲ್ಲ ಮುಗಿಯುತ್ತಿತ್ತು. ನನಗೆ ವಾರವಾರವೂ ಸಿಟ್ಟು ಬರುತ್ತಿತ್ತು.

ಅವ್ವ ಕೇಳಿದ್ದಳು: "ದುಷ್ಟರ ಮ್ಯಾಲ ನಿನಗ ಯಾಕ ಇಷ್ಟು ಕಕ್ಕುಲಾತಿ?"

"ಅವರು ದುಡಿತಾರ. ಅಂವ ಬಂದು ಕೆಡಸ್ತಾನ," ಎಂದಿದ್ದೆ.

ನಾನಾಗ ಸವದತ್ತಿಯ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಬೈಲಹೊಂಗಲದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಒಂದು ಪ್ರೆಸ್ ಇತ್ತು. ಅದರ ಮಾಲೀಕರು ನಾಲ್ಕು ಪುಟದ ವಾರಪತ್ರಿಕೆಯೊಂದನ್ನೂ ನಡೆಸುತ್ತಿದ್ದರು, ಸಂಪಾದಕರೂ ಅವರೇ. ಮಕ್ಕಳಿಗಾಗಿ ಏನಾದರೂ ಬರೆದುಕೊಡಿ ಎಂದು ಅವರು ಕೇಳಿದಾಗ ನಾನು ಲಾಟೀನ್ ತಲೆಯವರ ಚಿತ್ರಕಥೆ ಕೊಡುತ್ತೇನೆಂದೆ. ವಾರಕ್ಕೆ ಆರು ಚೌಕ. ನಾಯಕ ಇಲ್ಲ, ಅವರೇ ಎಲ್ಲ.

"ಕೆಟ್ಟವರ ಕತಿ ಯಾರು ಓದ್ತಾರ್ರಿ, ಅಕ್ಕೋರ?" ಎಂದರು ಸಂಪಾದಕರು.

"ಟೀವ್ಯಾಗ ಎಲ್ಲಾರೂ ಅವರನ್ನ ನೋಡಾಕ ಕುಂಡ್ರತಾರಲ್ರಿ," ಎಂದೆ. ಒಪ್ಪಿದರು.

ನನ್ನ ಕಥೆಯಲ್ಲಿ ಮೂವರು ಲಾಟೀನ್ ತಲೆಯವರು ಮಲಪ್ರಭೆಯ ನೀರನ್ನು ತಮ್ಮ ಒಣಗ್ರಹಕ್ಕೆ ಒಯ್ಯಲು ಬರುತ್ತಾರೆ. ಹಡಗು ಇಳಿಯುವುದು ಹೂಲಿಯ ಹಳೆಯ ಗುಡಿಗಳ ಹಿಂದೆ. ಅಲ್ಲಿಂದ ಸಿರಸಂಗಿ, ಮುರಗೋಡ, ಕಿತ್ತೂರ ಕೋಟೆ, ಹೀಗೆ ತಿರುಗುತ್ತಾರೆ. ಹೋದಲ್ಲೆಲ್ಲ ಜನ ಮೊದಲು ಯಾವೂರು ಎಂದು ಕೇಳಿ, ಆಮೇಲೆ ಕೂರಿಸಿ ರೊಟ್ಟಿ ಕೊಡುತ್ತಾರೆ. ತಿನ್ನಲು ಬಾಯಿಲ್ಲದ ಅವರು ರೊಟ್ಟಿ ಹಿಡಿದು ಕೂತ ಚಿತ್ರ ಬಿಡಿಸಲು ನನಗೆ ಒಂದು ವಾರ ಹಿಡಿಯಿತು.

ಚಿತ್ರ ಹುಬ್ಬಳ್ಳಿಗೆ ಹೋಗಿ, ಅಚ್ಚು ಒತ್ತುವ ಸತುವಿನ ಬ್ಲಾಕ್ ಆಗಿ, ಮರದ ತುಂಡಿನ ಮೇಲೆ ಕೂತು ಬಸ್ಸಿನಲ್ಲಿ ಬರುತ್ತಿತ್ತು. ಮೊದಲ ವಾರ ಪತ್ರಿಕೆ ಬಿಚ್ಚಿ ನೋಡಿದರೆ ಚೌಕಗಳು ಐದೇ. ಆರನೆಯದರ ಜಾಗದಲ್ಲಿ ಯಾರದೋ ಶ್ರದ್ಧಾಂಜಲಿ. ಪ್ರೆಸ್ಸಿಗೆ ಓಡಿದೆ. ಅಚ್ಚಿನ ಮೊಳೆ ಜೋಡಿಸುವ ಹಿರಿಯರು ತಣ್ಣಗೆ ಹೇಳಿದರು: "ಜಾಗಾ ಸಾಲಲಿಲ್ರಿ. ಗರಗಸಲೆ ಕೊಯ್ದ್ವಿ."

"ಈ ವಾರದ ಕತಿ ಮುಗಿಯೂದ ಆ ಚೌಕದಾಗರಿ."

"ಸತ್ತವರು ಮುಂದಿನ ವಾರದ ತನಕ ಕಾಯಂಗಿಲ್ರಿ. ಕತಿ ಕಾಯ್ತೈತಿ," ಎಂದರು ಒಳಗಿನಿಂದ ಸಂಪಾದಕರು.

ಮುಂದಿನ ವಾರ ಸೀರೆ ಅಂಗಡಿಯ ಜಾಹೀರಾತು, ಅದರ ಮುಂದಿನ ವಾರ ಅಭಿನಂದನೆ. ವಾದ ಮಾಡಿದೆ, ಕೈಮುಗಿದೆ, ಎರಡು ದಿನ ಚಿತ್ರ ತಡವಾಗಿ ಕೊಟ್ಟು ಹೆದರಿಸಿದೆ. ಒಮ್ಮೆ ಉಪಾಯ ಹೂಡಿ ಕಥೆಯನ್ನು ಐದನೆಯ ಚೌಕದಲ್ಲೇ ಮುಗಿಸಿ, ಆರನೆಯದರಲ್ಲಿ ಬರೀ ಗಿಡಮರ ಬಿಡಿಸಿ ಕಳಿಸಿದೆ. ಆ ವಾರ ಜಾಹೀರಾತು ದೊಡ್ಡದಿತ್ತು. ಎರಡು ಚೌಕ ಹೋದವು.

ಏಳೆಂಟು ತಿಂಗಳು ಹೀಗೇ ನಡೆಯಿತು. ಬಿಟ್ಟುಬಿಡಬಹುದಿತ್ತು. ಆದರೆ ಸವದತ್ತಿಯ ಬಸ್ಸಿನಲ್ಲಿ ಯಾರಾದರೂ ಆ ಪುಟ ತೆರೆದದ್ದು ಕಂಡರೆ ಮನಸ್ಸು ಕರಗುತ್ತಿತ್ತು. ಮನೆಗೆ ಬಂದು ಮತ್ತೆ ಶಾಯಿ ತೆಗೆಯುತ್ತಿದ್ದೆ.

ಒಂದು ಶನಿವಾರ ಮಧ್ಯಾಹ್ನ ಪ್ರೆಸ್ಸಿನ ಕಟ್ಟೆಯ ಮೇಲೆ ಐವತ್ತು ದಾಟಿದ ಒಬ್ಬರು ಚೀಲ ಹಿಡಿದು ಕೂತಿದ್ದರು. ರಾಮದುರ್ಗದ ನೇಕಾರರು. ಲಾಟೀನ್ ತಲೆಯವರ ಚಿತ್ರ ತೆಗೆಯುವವರನ್ನು ನೋಡಬೇಕೆಂದು ಬೆಳಗಿನ ಬಸ್ಸಿಗೆ ಬಂದಿದ್ದರು. ನಾನೇ ಎಂದಾಗ ನಮಸ್ಕಾರ ಮಾಡಿದರು, ಆದರೆ ಮುಖ ಸಡಿಲಾಗಲಿಲ್ಲ.

"ನೀವು ಕಡೀ ಚೌಕಕ್ಕ ಯಾಕ ಮೈಗಳ್ಳತನ ಮಾಡ್ತೀರಿ? ಐದು ತೆಗದವರಿಗೆ ಆರನೇದ್ದು ಭಾರ ಆಕ್ಕೈತೇನ್ರಿ?"

ನನಗೆ ಅಳು ಬರುವಷ್ಟು ಸಿಟ್ಟು ಬಂತು. ಗರಗಸದ ಕಥೆ ಹೇಳಿದೆ. ಅವರು ಚೀಲದಿಂದ ಒಂದು ದಪ್ಪ ವಹಿ ತೆಗೆದರು. ವಾರವಾರದ ಕಥೆಯನ್ನು ಕತ್ತರಿಸಿ ಅಂಟಿಸಿದ್ದರು. ಐದು ಚೌಕದ ಪಕ್ಕದಲ್ಲಿ, ಸೀರೆಯ ಅಂಚಿಗೆ ನಕ್ಷೆ ಬರೆಯುವ ಸಣ್ಣ ಚೌಕುಳಿ ಕಾಗದದ ಮೇಲೆ, ಆರನೆಯದನ್ನು ತಾವೇ ಬಿಡಿಸಿದ್ದರು. ಅಂಚಿನ ನವಿಲಿನ ಹಾಗೆ ಮೆಟ್ಟಿಲು ಮೆಟ್ಟಿಲಾದ ಲಾಟೀನ್ ತಲೆಯವರು. ಅವರ ಚೌಕಗಳಲ್ಲಿ ಮೂವರೂ ಪ್ರತಿ ವಾರ ಒಂದೊಂದು ಕೊಡ ನೀರು ತುಂಬಿಕೊಂಡು ಹಡಗಿಗೆ ಒಯ್ಯುತ್ತಿದ್ದರು.

"ನಮ್ಮ ಮನ್ಯಾಗ ಎಲ್ಲಾರೂ ಕೂಡಿ ಲೆಕ್ಕಾ ಹಾಕಿ ತೆಗಿತೇವ್ರಿ. ಖರೇ ಚೌಕದಾಗ ಏನಿತ್ತಂತ ನೋಡಬೇಕಾಗೇತಿ."

ಒಳಗೆ ಕರೆದೊಯ್ದೆ. ಮೊಳೆ ಜೋಡಿಸುವ ಹಿರಿಯರು ಒಂದು ಬಿಸ್ಕೀಟಿನ ಡಬ್ಬಿ ತಂದು ಸುರಿದರು. ಕೊಯ್ದ ಬ್ಲಾಕಿನ ತುಂಡುಗಳು. ಅರ್ಧಕ್ಕರ್ಧ ಇರಲಿಲ್ಲ. ಕೆಲವು ಯಂತ್ರ ಅಲುಗಾಡದಂತೆ ಅದರ ಕಾಲಿನ ಕೆಳಗೆ ಸೇರಿದ್ದವು, ಕೆಲವು ಎಲ್ಲಿ ಹೋದವೋ ಯಾರಿಗೂ ತಿಳಿಯದು. ಬ್ಲಾಕಿನಲ್ಲಿ ಚಿತ್ರವೂ ಅಕ್ಷರವೂ ತಿರುವುಮುರುವಾಗಿರುತ್ತವೆ. ನಾನು ಕನ್ನಡಿ ಹುಡುಕುತ್ತಿದ್ದಾಗ ನೇಕಾರರು ಒಂದನ್ನು ಬೆಳಕಿಗೆ ಹಿಡಿದು ಸರಾಗವಾಗಿ ಓದತೊಡಗಿದರು.

"ನಾವು ಸೀರಿ ಹಿಂದಿನ ಮಗ್ಗಲದಿಂದ ನೋಡಕೋತನ ನೇಯೂದರಿ," ಎಂದರು, ನನ್ನ ಮುಖ ನೋಡಿ.

ಒಂದು ಓದಿದರು, ಎರಡು ಓದಿದರು. ಒಂದರಲ್ಲಿ ಸಿರಸಂಗಿಯ ಜನ ಕಂದೀಲುಗಳೆಂದು ತಿಳಿದು ಅವರ ದೀಪ ಆರಿಸುತ್ತಾರೆ. ಇನ್ನೊಂದರಲ್ಲಿ ಕಿತ್ತೂರ ಕೋಟೆಯ ಹಾಳುಗೋಡೆಗಳ ನಡುವೆ ದಾರಿ ತಪ್ಪಿ ಗುಂಡಿಗೆ ಬೀಳುತ್ತಾರೆ. ಮತ್ತೊಂದರಲ್ಲಿ ಕೊಡ ಒಡೆದು ನೀರು ಚೆಲ್ಲುತ್ತದೆ. ಓದುತ್ತ ಓದುತ್ತ ಅವರ ದನಿ ಇಳಿಯಿತು. ಹಿರಿಯರು ತುಂಡುಗಳನ್ನೆಲ್ಲ ಕಟ್ಟಿ ಒಂದೇ ಹಾಳೆಯ ಮೇಲೆ ಅಚ್ಚು ತೆಗೆದುಕೊಟ್ಟರು. ಹಸಿ ಶಾಯಿಯ ಹಾಳೆಯನ್ನು ನೇಕಾರರು ಬಹಳ ಹೊತ್ತು ನೋಡಿದರು.

"ಒಂದ ವಾರನೂ ಅವರು ಗೆದ್ದಿಲ್ಲಲ್ರಿ."

"ಇಲ್ರಿ," ಎಂದೆ.

"ಟೀವ್ಯಾಗ ಕಡೀಕ ಮಾಡೂದನ್ನ ನೀವೂ ಮಾಡೀರಲ್ರಿ ಹಂಗಾದ್ರ. ಇವರು ಕೊಯ್ದಿದ್ದ ಚಲೋ ಆತು."

ಎಂಟು ತಿಂಗಳು ಆ ಗರಗಸವನ್ನು ಶಪಿಸಿದ್ದೆ. ಅದು ಕೊಯ್ದು ಎಸೆದದ್ದು ನಾನು ಭಾನುವಾರ ಬೆಳಿಗ್ಗೆ ಹಲ್ಲು ಕಡಿಯುತ್ತಿದ್ದ ಅದೇ ಐದು ನಿಮಿಷವನ್ನು. ರಾಮದುರ್ಗದ ಒಂದು ಮನೆಯಲ್ಲಿ ಲಾಟೀನ್ ತಲೆಯವರು ವಾರವಾರ ಗೆಲ್ಲುತ್ತಿದ್ದರು. ನನ್ನ ಕೈಯಲ್ಲಿ ಅವರು ಒಮ್ಮೆಯೂ ಗೆದ್ದಿರಲಿಲ್ಲ. ಅದು ನನ್ನ ಗಮನಕ್ಕೇ ಬಂದಿರಲಿಲ್ಲ.

ನೇಕಾರರಿಗೆ ಚಹಾ ಕುಡಿಸಿ ಬಸ್ಸು ಹತ್ತಿಸಿದೆ. ಹಾಳೆ ಒಯ್ಯಿರಿ ಎಂದರೆ ಬೇಡವೆಂದರು. "ಮನ್ಯಾಗ ತೋರಿಸಿದ್ರ ಬ್ಯಾಸರ ಮಾಡಕೋತಾರ."

ಮರುದಿನ ಲಾಟೀನ್ ತಲೆಯವರು ಗೆಲ್ಲುವ ಕಥೆ ಬರೆಯಲು ಕೂತೆ. ಮೂರು ವಾರ ಹಿಡಿಯಿತು. ಗೆದ್ದವರು ಏನು ಮಾಡುತ್ತಾರೆಂದು ನನಗೆ ಗೊತ್ತಿರಲಿಲ್ಲ. ಕೊನೆಗೆ ಆರನೆಯ ಚೌಕದಲ್ಲಿ ಅವರ ಒಣಗ್ರಹ ಬಿಡಿಸಿದೆ. ಕೊಡ ಇಳಿಸುತ್ತಿರುವ ಮೂವರು, ಎದುರಿಗೆ ಸಾಲಾಗಿ ನಿಂತ ಸಣ್ಣ ಸಣ್ಣ ದೀಪದ ತಲೆಗಳು. ಮಾತು ಒಂದೂ ಇರಲಿಲ್ಲ. ನಾನು ತೆಗೆದ ಚಿತ್ರಗಳಲ್ಲಿ ಅದೇ ಒಳ್ಳೆಯದೆಂದು ಈಗಲೂ ಅನಿಸುತ್ತದೆ.

ಆ ವಾರ ಜಾಹೀರಾತು ಬರಲಿಲ್ಲ, ಯಾರೂ ಸತ್ತಿರಲಿಲ್ಲ. ಆರೂ ಚೌಕ ಬಂದವು. ಆದರೆ ಕೊನೆಯ ಚೌಕದ ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಸಾಲು ಸೇರಿತ್ತು: "ಹೀಗೆ ಕದ್ದು ತಂದ ನೀರು ಕುಡಿದು ದುಷ್ಟರೆಲ್ಲ ನಾಶವಾದರು. ಮುಗಿಯಿತು."

ನಾನು ಪ್ರೆಸ್ಸಿಗೆ ಹೋದಾಗ ಸಂಪಾದಕರು ಕನ್ನಡಕ ಒರೆಸುತ್ತಿದ್ದರು. "ಸಾಲೀ ಹುಡುಗರು ಓದತಾರ್ರಿ ಅಕ್ಕೋರ. ಕಳುವು ಮಾಡಿದವರು ಗೆದ್ರ ಮಂದಿ ನನ್ನನ್ನ ಕೇಳ್ತಾರ, ನಿಮ್ಮನ್ನ ಕೇಳಂಗಿಲ್ಲ."

"ನನ್ನನ್ನ ಒಂದು ಮಾತು ಕೇಳಬೇಕಿತ್ತಲ್ರಿ."

"ನೀವು ಸವದತ್ತ್ಯಾಗಿದ್ರಿ. ಯಂತ್ರಾ ನಿಂತಿತ್ತು."

ನನ್ನ ಮೂಲಚಿತ್ರಗಳನ್ನು ಕೇಳಿದೆ. ಬ್ಲಾಕ್ ಮಾಡಿದ ಮೇಲೆ ಅವು ಹುಬ್ಬಳ್ಳಿಯಿಂದ ವಾಪಸು ಬಂದಿರಲೇ ಇಲ್ಲ. ಚಿತ್ರಕಥೆ ಅಲ್ಲಿಗೆ ನಿಂತಿತು. ಹತ್ತು ದಿನದ ಮೇಲೆ ರಾಮದುರ್ಗದಿಂದ ಒಂದು ಕಾರ್ಡು ಬಂತು. "ಚಿತ್ರ ಬಹಳ ಛಂದ ಇದೆ. ಕೆಳಗಿನ ಮಾತು ನಿಮ್ಮದಲ್ಲ ಎಂದು ತಿಳಿದಿದ್ದೇವೆ," ಎಂದಷ್ಟೇ ಇತ್ತು. ಉತ್ತರ ಬರೆಯಬೇಕೆಂದುಕೊಂಡೆ. ಯಾರ ಮೇಲೆ ದೂರು ಹೇಳಬೇಕೆಂದು ತಿಳಿಯದೆ ತಿಂಗಳುಗಳು ಕಳೆದವು. ಕೊನೆಗೂ ಬರೆಯಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ದಿನ ಸವದತ್ತಿಯ ಬಸ್ ನಿಲ್ದಾಣದಲ್ಲಿ ಸಂಪಾದಕರು ಸಿಕ್ಕರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹಳೆಯದು ಏನೂ ನಡೆದೇ ಇಲ್ಲವೆಂಬಂತೆ ಮಾತಾಡಿಸಿದರು. "ಮತ್ತ ಬರೀರಿ ಅಕ್ಕೋರ. ಈಗ ಕಂಪ್ಯೂಟರ್ ಐತಿ. ಕೊಯ್ಯೂ ಕೆಲಸನ ಇಲ್ಲ."

ನಂಬಿ ಆರು ಚೌಕ ಕಳಿಸಿದೆ. ನಿಜಕ್ಕೂ ಒಂದನ್ನೂ ಕೊಯ್ದಿರಲಿಲ್ಲ. ಜಾಹೀರಾತಿಗೆ ಜಾಗ ಬಿಟ್ಟು ಆರನ್ನೂ ಸೇರಿಸಿ ಬೆಂಕಿಪೆಟ್ಟಿಗೆಯಷ್ಟು ಮಾಡಿದ್ದರು. ಅಕ್ಷರಗಳು ಇರುವೆ ಸಾಲಿನಂತೆ ಕಾಣುತ್ತಿದ್ದವು. ಮೂರು ವಾರ ಹಾಗೆ ಬಂತು. ನಾಲ್ಕನೆಯ ವಾರ ನಾನು ಕಳಿಸಲಿಲ್ಲ. ಅವರೂ ಕೇಳಲಿಲ್ಲ.