ಗೀರು ಬೀಳದ ವಾಚು

ವಾಚೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಲೇತ್ ಮೆಷಿನ್ ಮುಂದೆ ನಿಂತು ಬದುಕುವವನ ಮಣಿಕಟ್ಟು ಬರಿದಾಗಿರಬೇಕು. ಕಾಮಾಕ್ಷಿಪಾಳ್ಯದ ನಮ್ಮ ವರ್ಕ್‌ಶಾಪಿನಲ್ಲಿ ಮೇನ್ ಸ್ವಿಚ್ಚಿನ ಮೇಲೊಂದು ದೇವರ ಫೋಟೊ, ಅದರ ಪಕ್ಕದಲ್ಲಿ ಸಾಲಾಗಿ ಆರು ಮೊಳೆ. ಬೆಳಿಗ್ಗೆ ಬಂದವರು ಊದುಬತ್ತಿ ಹಚ್ಚಿ, ಉಂಗುರ, ವಾಚು, ಕಡಗ, ಕೈಗೆ ಕಟ್ಟಿದ ದಾರ, ಏನಿದ್ದರೂ ಬಿಚ್ಚಿ ತಂತಮ್ಮ ಮೊಳೆಗೆ ತಗುಲಿಹಾಕಬೇಕು. ಆಮೇಲೆಯೇ ಕರೆಂಟು. ತಿರುಗುವ ಮೆಷಿನ್ನಿಗೆ ಒಂದು ಎಳೆ ಸಿಕ್ಕಿದರೂ ಅದು ಇಡೀ ಕೈಯನ್ನು ಎಳೆದುಕೊಳ್ಳುತ್ತದೆ. ಈ ಕಾನೂನು ಮಾಡಿದವನು ನಾನೇ. ಹಾವೇರಿ ಕಡೆಯಿಂದ ಬಂದ ಒಬ್ಬ ಟರ್ನರ್, ಇದು ಮನೆದೇವರ ದಾರ, ಬಿಚ್ಚುವ ಹಾಗಿಲ್ಲ ಎಂದಾಗ, "ಹಂಗಾದ್ರೆ ದಾರ ತಾನಾಗೇ ಉದುರಿದ್ಮೇಲೆ ಬಾರಪ್ಪ" ಎಂದು ಗೇಟಿನಿಂದಲೇ ವಾಪಸು ಕಳಿಸಿದ್ದೆ. ಮಧ್ಯಾಹ್ನದ ಹೊತ್ತಿಗೆ ಅವನು ದಾರವನ್ನು ಜೇಬಿನಲ್ಲಿಟ್ಟುಕೊಂಡು ಕೆಲಸಕ್ಕೆ ಬಂದ.

ಶಾಪಿಗೆ ಇಬ್ಬರು ಯಜಮಾನರು, ನಾನು ಮತ್ತು ನನ್ನ ಗೆಳೆಯ. ರಾಜಾಜಿನಗರದ ಇಂಡಸ್ಟ್ರಿಯಲ್ ಟೌನಿನ ಒಂದೇ ಫ್ಯಾಕ್ಟರಿಯಲ್ಲಿ ಅಪ್ರೆಂಟಿಸ್ ಆಗಿ ಕೆಲಸ ಕಲಿತು, ಜೊತೆಯಲ್ಲೇ ಹೊರಬಿದ್ದು, ಎರಡು ಹಳೇ ಲೇತ್ ಹಾಕಿಕೊಂಡು ಶುರು ಮಾಡಿದವರು. ಅವನು ನನಗಿಂತ ಎಷ್ಟೋ ಪಾಲು ಒಳ್ಳೆಯ ಟರ್ನರ್. ಕಡೆದ ಶಾಫ್ಟನ್ನು ಎಡಗೈ ಬೆರಳಿನಿಂದ ಸವರಿ, "ಇನ್ನೊಂದು ಕೂದಲೆಳೆ ಜಾಸ್ತಿ ಐತೆ ಕಣೋ" ಅನ್ನುತ್ತಿದ್ದ. ಮೈಕ್ರೋಮೀಟರ್ ಇಟ್ಟು ನೋಡಿದರೆ ಅಷ್ಟೇ ಜಾಸ್ತಿ ಇರುತ್ತಿತ್ತು. ಗಿರಾಕಿಗಳು ನಮ್ಮನ್ನು ಹುಡುಕಿಕೊಂಡು ಬರುತ್ತಿದ್ದದ್ದು ಅವನ ಕೈ ನೋಡಿ. ಆರ್ಡರ್ ಹಿಡಿಯುವುದು, ಗಿರಾಕಿಗಳ ಜೊತೆ ಬಾಯಿ ಮಾಡುವುದು ನನ್ನ ಪಾಲು.

ಅವನಿಗೆ ಅರವತ್ತು ತುಂಬಿದಾಗ, ಬಸವೇಶ್ವರನಗರದ ಬ್ಯಾಂಕೊಂದರಲ್ಲಿ ಕೆಲಸ ಮಾಡುವ ಅವನ ಮಗಳು ಅಪ್ಪನಿಗೊಂದು ಸ್ಮಾರ್ಟ್‌ವಾಚ್ ಕೊಡಿಸುತ್ತೇನೆಂದು ಹೊರಟಳು. ಲೋಹ ಗೊತ್ತಿರುವವನು ಅಂತ ನನ್ನನ್ನೂ ಕರೆದುಕೊಂಡು ಹೋದರು. ಮಾಲಿನೊಳಗಿನ ಆ ಅಂಗಡಿಯ ತಣ್ಣಗಿನ ಗಾಳಿಯೂ ಆ ಬಿಳೀ ಬೆಳಕೂ ಒಳಹೊಕ್ಕ ಕೂಡಲೇ ನನ್ನ ಮೈ ಉರಿಸಿದವು. ಟೈ ಕಟ್ಟಿಕೊಂಡಿದ್ದ ಸೇಲ್ಸ್‌ಮನ್ ವಾಚನ್ನು ಎರಡು ಬೆರಳಲ್ಲಿ ಎತ್ತಿ, ತೀರ್ಥ ಕೊಡುವವನ ಹಾಗೆ ಮುಂದೆ ಹಿಡಿದ.

"ಏರೋಸ್ಪೇಸ್ ಗ್ರೇಡ್ ಟೈಟಾನಿಯಂ ಸಾರ್. ಚೈನು ಕೂಡ ಅದೇ. ಗ್ಲಾಸ್ ಬಂದ್ಬಿಟ್ಟು ಸಫೈರು. ಒಂದೇ ಒಂದು ಸ್ಕ್ರಾಚ್ ಬೀಳಲ್ಲ."

"ಯಾವ ಗ್ರೇಡಪ್ಪ?" ಅಂದೆ.

"ಪ್ರೀಮಿಯಂ ಗ್ರೇಡ್ ಸಾರ್."

"ಪ್ರೀಮಿಯಂ ಅಂತ ಒಂದು ಗ್ರೇಡಿಲ್ಲ ಕಣಪ್ಪ. ನಂಬರ್ ಇರುತ್ತೆ, ನಂಬರ್ ಹೇಳು."

ಪಾಪ, ಅವನು ನಕ್ಕ. "ತುಂಬಾ ಲೈಟ್‌ವೆಯ್ಟ್ ಸಾರ್, ಕೈಯಲ್ಲಿ ಇದೆ ಅಂತಾನೇ ಗೊತ್ತಾಗಲ್ಲ."

"ಇರೋದೇ ಗೊತ್ತಾಗದೇ ಇರೋದಕ್ಕೆ ಇಷ್ಟೊಂದು ದುಡ್ಡು ಯಾಕೆ ಕೊಡ್ಬೇಕು?"

ಪಕ್ಕದಲ್ಲೇ ಅದರ ಮೂರನೇ ಒಂದು ಪಾಲು ಬೆಲೆಗೆ ಅಲ್ಯೂಮಿನಿಯಂ ವಾಚಿತ್ತು. ಎರಡಕ್ಕೂ ಒಳಗೆ ಏನು ವ್ಯತ್ಯಾಸ ಎಂದು ಕೇಳಿದೆ. ಒಳಗೆ ಎಲ್ಲಾ ಸೇಮ್ ಸಾರ್ ಎಂದ. ಬ್ಯಾಟರಿ ಎಷ್ಟು ವರ್ಷ ಎಂದೆ. ಯೂಸೇಜ್ ಮೇಲೆ ಡಿಪೆಂಡು, ಮೂರ್ನಾಲ್ಕು ವರ್ಷಕ್ಕೆ ತೊಂದರೆ ಇಲ್ಲ ಎಂದ. ನೋಡಿ, ಇದನ್ನು ಏನೆನ್ನಬೇಕು? ನೂರು ವರ್ಷ ಸವೆಯದ ಲೋಹದೊಳಗೆ ನಾಲ್ಕು ವರ್ಷಕ್ಕೆ ಸಾಯುವ ಬ್ಯಾಟರಿ. ನಾಳೆಗೆ ಹಳಸುವ ಸಾರಿಗೆ ಬೆಳ್ಳಿ ಪಾತ್ರೆ ಮಾಡಿಸಿದ ಹಾಗೆ. ಟೈಟಾನಿಯಂ ಅಂದರೆ ಏನೆಂದು ನನಗೆ ಟೈ ಕಟ್ಟಿದವನು ಹೇಳಿಕೊಡಬೇಕಾಗಿರಲಿಲ್ಲ. ಹನ್ನೆರಡು ವರ್ಷದಿಂದ ಅದರ ಜಾಬ್‌ವರ್ಕ್ ಮಾಡುತ್ತಿದ್ದೆವು. ದರಿದ್ರ ಲೋಹ ಅದು. ಕಡೆಯುವಾಗ ಬಿಸಿಯೆಲ್ಲ ಟೂಲಿನ ತುದಿಗೇ ಏರಿ ಅದನ್ನು ತಿಂದುಹಾಕುತ್ತದೆ, ಸ್ವಲ್ಪ ಮೈಮರೆತರೆ ಕಡೆದು ಬೀಳುವ ಸಿಪ್ಪೆಗೆ ಬೆಂಕಿ ಹತ್ತುತ್ತದೆ. ವಿಮಾನಕ್ಕೆ ಅದು ಬೇಕು, ಒಪ್ಪಿದೆ. ವಿಜಯನಗರದ ತರಕಾರಿ ಮಾರ್ಕೆಟ್ಟಿಗೆ ಹೋಗಿ ಹುರುಳಿಕಾಯಿ ತರುವವನ ಕೈಗೆ ಯಾಕೆ? ಇನ್ನು ಆ ಸಫೈರು, ಅಂದರೆ ನೀಲಮಣಿ. ಹೆಸರು ಕೇಳಿದರೆ ರಾಜರ ಕಿರೀಟ ನೆನಪಾಗಬೇಕು. ಮೂಲದಲ್ಲಿ ಅದೂ ನಮ್ಮ ಗ್ರೈಂಡಿಂಗ್ ಕಲ್ಲೂ ಒಂದೇ ಜಾತಿಯ ಸಾಮಾನು.

ಇದನ್ನೆಲ್ಲ ನಾನು ಅಲ್ಲೇ ನಿಂತು, ಇಡೀ ಅಂಗಡಿಗೆ ಕೇಳುವ ಹಾಗೆ ಹೇಳಿದೆ. ಮಗಳು, "ಅಂಕಲ್, ಅಪ್ಪಂಗೆ ಇಷ್ಟ ಆಗಿದೆ, ಬಿಡಿ ಅಂಕಲ್" ಎಂದಳು. ಗೆಳೆಯ ನನ್ನ ಮಾತೇ ಕಿವಿಗೆ ಬಿದ್ದಿಲ್ಲವೇನೋ ಎಂಬಂತೆ ಚೈನಿನ ಒಂದೊಂದು ಕೊಂಡಿಯನ್ನೂ ಉಗುರಿನಿಂದ ತಡವುತ್ತಿದ್ದ.

"ಫಿನಿಶಿಂಗ್ ನೋಡೋ," ಎಂದ. "ಇಷ್ಟು ವರ್ಷ ಇದೇ ಲೋಹ ಕಡ್ದಿದೀನಿ. ಎಲ್ಲಾ ಯಾರ್ಯಾರದೋ ಪಾಲಾಯ್ತು. ನನ್ನ ಕೈ ಮೇಲೂ ಒಂದಿಷ್ಟು ಇರ್ಲಿ ಬಿಡೋ."

ಆಗಲಾದರೂ ನಾನು ಬಾಯಿ ಮುಚ್ಚಬೇಕಾಗಿತ್ತು. "ನಮ್ಮ ಸ್ಕ್ರಾಪ್ ಡಬ್ಬದೊಳಗೆ ಕೈ ಬಿಡು, ಮೊಣಕೈ ತನಕ ಸಿಗುತ್ತೆ" ಅಂದೆ. ಅವನು ನಕ್ಕುಬಿಟ್ಟ. ವಾಚು ಕೊಂಡರು.

ಆಮೇಲೆ ಅವನು ಆಡಿದ ಆಟ ಒಂದೆರಡಲ್ಲ. ತುಂಬುತೋಳಿನ ಶರಟು ಹಾಕುತ್ತಿದ್ದವನು ಅರ್ಧ ತೋಳಿಗೆ ಇಳಿದ. ಮೆಟ್ರೋದಲ್ಲಿ ಸೀಟು ಖಾಲಿ ಇದ್ದರೂ ಎಡಗೈಯಲ್ಲಿ ಮೇಲಿನ ಹಿಡಿಕೆ ಹಿಡಿದು ನಿಲ್ಲುತ್ತಿದ್ದ. ನಂದಿನಿ ಲೇಔಟಿನ ನೆಂಟರ ಗೃಹಪ್ರವೇಶದಲ್ಲಿ ಊಟಕ್ಕೆ ಕೂತಾಗ, ಪಲ್ಯ ಬೇಡವೆನ್ನಲು ಎಲೆಯ ಮೇಲೆ ಎಡಗೈ ಅಡ್ಡ ಹಿಡಿದದ್ದು ಎಷ್ಟು ಹೊತ್ತೆಂದರೆ, ಬಡಿಸುವವನು ಮುಂದಿನ ಪಂಕ್ತಿಗೆ ಹೋಗಿದ್ದ. ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದೆಂದರೆ, ಗೀರೇ ಬೀಳದ ಆ ಸಫೈರಿನ ಮೇಲೆ ಬಸ್ ಸ್ಟಾಪಿನ ಮೊಬೈಲ್ ಅಂಗಡಿಯಲ್ಲಿ ಒಂದು ಪ್ಲಾಸ್ಟಿಕ್ ಸ್ಕ್ರೀನ್ ಗಾರ್ಡ್ ಅಂಟಿಸಿಕೊಂಡು ಬಂದದ್ದು. ಸೋಫಾದ ಕವರ್ ತೆಗೆಯದೆ, ರಿಮೋಟಿನ ಪ್ಲಾಸ್ಟಿಕ್ ಬಿಚ್ಚದೆ ಸಂಸಾರ ಮಾಡುವ ಜನ ನಾವು. ನಮಗೆ ವಜ್ರ ಕೊಟ್ಟರೂ ಅದಕ್ಕೊಂದು ಪಾಲಿಥಿನ್ ಕವರ್ ಹುಡುಕುತ್ತೇವೆ. ಥೂ ಎನಿಸಿತ್ತು.

ಶಾಪಿನಲ್ಲಿ ಮಾತ್ರ ಅವನು ಕಾನೂನು ಮುರಿಯಲಿಲ್ಲ. ಆದರೆ ಮೊಳೆಗೆ ತಗುಲಿಹಾಕಿದರೆ ಲೋಹ ತಣ್ಣಗಾಗಲು ಬಿಡುವ ಕೂಲಂಟು ನೀರು ಸಿಡಿಯುತ್ತದೆಂದು, ಮೈಕ್ರೋಮೀಟರಿನ ಡಬ್ಬದಲ್ಲಿ ವಾಚು ಇಡತೊಡಗಿದ. ಒಳಗೆ ನೀಲಿ ಮಖಮಲ್ ಬಟ್ಟೆ ಹಾಕಿದ ಡಬ್ಬ ಅದು. ನಮಗೆ ಅನ್ನ ಕೊಟ್ಟ ಮೈಕ್ರೋಮೀಟರ್ ಬರೀ ಮೇಜಿನ ಮೇಲೆ ಎಣ್ಣೆ ಜಿಡ್ಡಿನಲ್ಲಿ ಬಿದ್ದಿರುತ್ತಿತ್ತು, ಆ ಬಿನ್ನಾಣಗಿತ್ತಿ ವಾಚು ಮಖಮಲ್ಲಿನ ಮೇಲೆ ಮಲಗಿರುತ್ತಿತ್ತು. ನಾನು ಹದಿನೈದು ದಿನ ಸಹಿಸಿದೆ.

ಒಂದು ದಿನ ಟೀ ಹೊತ್ತು. ನಮ್ಮ ಇಬ್ಬರು ಕೆಲಸಗಾರರು, ಜಾಬ್ ತೆಗೆದುಕೊಂಡು ಹೋಗಲು ಬಂದಿದ್ದ ಗಿರಾಕಿ, ಎಲ್ಲರೂ ಇದ್ದರು. ಗಿರಾಕಿ ವಾಚಿನ ಬಗ್ಗೆ ಏನೋ ಕೇಳಿದ. ಗೆಳೆಯ ಉತ್ಸಾಹದಿಂದ ಡಬ್ಬ ತೆರೆದು ತೋರಿಸಲು ಹೋದ. ನನಗೆ ನಾಲಿಗೆ ತಡೆಯಲಿಲ್ಲ.

"ವಾಚು ಕೊಡ್ಸಿರೋದು ಇವನಿಗಲ್ಲ ಸಾರ್, ಡಬ್ಬಕ್ಕೆ," ಅಂದೆ. "ಏರೋಪ್ಲೇನ್ ಲೋಹ ಅಂತಾನೆ, ಒಂದು ಹನಿ ಕೂಲಂಟು ಬಿದ್ರೆ ಅಳ್ತಾನೆ. ಗಟ್ಟಿ ಸಾಮಾನು ಅಂದ್ರೆ ಕೆಲಸದಲ್ಲಿ ಇರ್ಬೇಕು. ಮದುವೆ ಮನೇಲಿ ತೋರ್ಸೋಕೆ ಒಂದು ಗಿಲೀಟಿನ ಬಳೆ ಸಾಕಾಗಿತ್ತಲ್ಲೋ."

ಎಲ್ಲರೂ ಗೊಳ್ಳೆಂದು ನಕ್ಕರು. ಅವನೂ ನಗಲು ನೋಡಿದ, ಆಗಲಿಲ್ಲ. ಡಬ್ಬ ಮುಚ್ಚಿ, ಟೀ ಅರ್ಧಕ್ಕೇ ಬಿಟ್ಟು ಮೆಷಿನ್ನಿಗೆ ಹೋದ. ಸಂಜೆ ಹೊರಡುವಾಗ ನಾಳೆ ಬರ್ತೀನಿ ಎಂದೂ ಹೇಳಲಿಲ್ಲ. ಸುಳ್ಳು ಯಾಕೆ, ನನಗೆ ಒಳಗೊಳಗೇ ಖುಷಿಯಾಗಿತ್ತು.

ಮರುದಿನ ಬೆಳಿಗ್ಗೆ ಅವನು ಊದುಬತ್ತಿ ಹಚ್ಚಿದ, ಉಂಗುರ ಬಿಚ್ಚಿ ಮೊಳೆಗೆ ಹಾಕಿದ. ವಾಚು ಬಿಚ್ಚಲಿಲ್ಲ. ನನ್ನ ಕಡೆ ಒಮ್ಮೆ ನೋಡಿ, ಹಾಗೆಯೇ ಲೇತಿನ ಮುಂದೆ ನಿಂತ.

ನಾನು ಅದನ್ನು ನೋಡಿದೆ. ನೋಡಲಿಲ್ಲ ಅಂತ ಹೇಳಿಕೊಂಡಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬೇರೆ ಯಾರೇ ಆಗಿದ್ದರೂ ಓಡಿಹೋಗಿ ಮೇನ್ ಆಫ್ ಮಾಡಿ, ಮನೆಗೆ ನಡಿ ಅನ್ನುತ್ತಿದ್ದೆ. ಅವತ್ತು ಅನ್ನಲಿಲ್ಲ. ಮಾಡಲಿ, ಒಂದು ಸಲ ಕಬ್ಬಿಣದ ಸಿಪ್ಪೆ ಬಡಿದು ಅದಕ್ಕೆ ಗೀರು ಬೀಳಲಿ, ಆಗ ಮುಖ ನೋಡೋಣ ಎಂದುಕೊಂಡೆ. ಹನ್ನೊಂದು ಗಂಟೆಯವರೆಗೂ ನಾನು ಆ ಗೀರಿಗೆ ಕಾಯುತ್ತಾ ಬಿಲ್ಲು ಬರೆಯುತ್ತಾ ಕೂತಿದ್ದೆ.

ಅವನು ತಿರುಗುತ್ತಿದ್ದ ಶಾಫ್ಟಿಗೆ ಮರಳು ಕಾಗದದಂಥ ಎಮರಿ ಪಟ್ಟಿ ಸುತ್ತಿ, ಎರಡೂ ಕೈಯಲ್ಲಿ ಅದರ ತುದಿ ಹಿಡಿದು ಪಾಲಿಶ್ ಮಾಡುತ್ತಿದ್ದ. ಶಾಫ್ಟನ್ನು ಕಚ್ಚಿ ಹಿಡಿದು ತಿರುಗಿಸುವ ‘ಚಕ್’ಗೆ ಮೂರು ದವಡೆ ಇರುತ್ತವೆ. ಅದರಲ್ಲೊಂದರ ಮೂಲೆ ಸಡಿಲವಾಗಿದ್ದ ಚೈನಿನೊಳಗೆ ಹೊಕ್ಕಿತು. ನಾನು ಕೇಳಿದ್ದು ಅವನ ಕೂಗಲ್ಲ, ಮೋಟರಿನ ಸದ್ದು ಒಂದು ಕ್ಷಣ ಭಾರವಾದದ್ದು. ಓಡಿ ಕೆಂಪು ಗುಂಡಿ ಒತ್ತಿದೆ.

ಫುಟ್‌ಪಾತಿನಲ್ಲಿ ಸಿಗುವ ರಬ್ಬರ್ ಪಟ್ಟಿಯಾಗಿದ್ದರೆ ಪಟಕ್ಕನೆ ಹರಿಯುತ್ತಿತ್ತು. ತೊಗಲಿನದಾಗಿದ್ದರೂ ಹೊಲಿಗೆ ಬಿಟ್ಟು ಕೈ ಈಚೆ ಬರುತ್ತಿತ್ತು, ಚರ್ಮ ತರಚಿಕೊಂಡು ಒಂದು ವಾರ ಬ್ಯಾಂಡೇಜಿನಲ್ಲಿ ಮುಗಿಯುತ್ತಿತ್ತು. ಆ ಹೊತ್ತಿಗೆ ಹರಿಯುವುದೇ ಪಟ್ಟಿ ಮಾಡಬೇಕಾದ ಕೆಲಸ. ಇದು ಹರಿಯಲಿಲ್ಲ. ಇದು ಪ್ರೀಮಿಯಂ. ಒಂದು ಕೊಂಡಿಯೂ ಬಿಡಲಿಲ್ಲ, ಒಂದು ಪಿನ್ನೂ ಬಾಗಲಿಲ್ಲ. ಬಾಗಿದ್ದು, ಮುರಿದದ್ದು, ಸುತ್ತಿಕೊಂಡದ್ದು ಎಲ್ಲ ಅದರೊಳಗಿದ್ದ ಕೈ. ಅದನ್ನು ಬಿಡಿಸಲು ಚೈನನ್ನು ಕಟ್ ಮಾಡಬೇಕಾಯಿತು. ನನ್ನ ಕೈಯಲ್ಲಿದ್ದ ಗರಗಸದ ಬ್ಲೇಡು ಆ ಲೋಹದ ಮೇಲೆ ಜಾರುತ್ತಿತ್ತು, ಅವನು ಕಣ್ಣು ಬಿಟ್ಟುಕೊಂಡೇ ನೋಡುತ್ತಿದ್ದ.

ಆಸ್ಪತ್ರೆಯಲ್ಲಿ ಡಾಕ್ಟರು, ಮಣಿಕಟ್ಟಿಗೆ ಪ್ಲೇಟು ಹಾಕಬೇಕು, ಸ್ಟೀಲಾ ಟೈಟಾನಿಯಮ್ಮಾ ಎಂದು ಕೇಳಿದರು. ಮಗಳು ನನ್ನ ಮುಖ ನೋಡಿದಳು. ಟೈಟಾನಿಯಂ ಹಾಕಿಸಮ್ಮ ಎಂದೆ. ಮೂಳೆಗೆ ಅದು ಒಳ್ಳೆಯದೆಂದು ನನಗೆ ಗೊತ್ತಿತ್ತು. ಅಷ್ಟು ಮೆತ್ತಗಿನ ದನಿಯಲ್ಲಿ ನಾನು ಆ ಲೋಹದ ಹೆಸರು ಹೇಳಿದ್ದು ಅದೇ ಮೊದಲು.

ನೋಡಲು ಬಂದ ನೆಂಟರಿಗೆ ಕೈಗಿಂತ ವಾಚಿನ ಚಿಂತೆ. "ಅಯ್ಯೋ, ಅಷ್ಟು ಕಾಸ್ಟ್ಲಿ ವಾಚಂತೆ, ಹಾಳಾಯ್ತಾ?" ಎಂದು ಮೂಸಂಬಿ ಕವರು ಹಿಡಿದುಕೊಂಡು ಕೇಳುತ್ತಿದ್ದರು. ಮನುಷ್ಯರೇ ಇವರು? ಹಾಳಾಗಿರಲಿಲ್ಲ. ಮಗಳ ಬ್ಯಾಗಿನಲ್ಲಿತ್ತು, ನಾನೇ ತೆಗೆದು ನೋಡಿದ್ದೆ. ರಕ್ತ ಒರೆಸಿ, ಆ ಸ್ಕ್ರೀನ್ ಗಾರ್ಡ್ ಕಿತ್ತು ಬೆಳಕಿಗೆ ಹಿಡಿದೆ. ಟೈ ಕಟ್ಟಿದವನು ಸುಳ್ಳು ಹೇಳಿರಲಿಲ್ಲ, ಗಾಜಿನ ಮೇಲೆ ಒಂದೇ ಒಂದು ಗೀರಿರಲಿಲ್ಲ.

ಎರಡು ಆಪರೇಷನ್ ಆಯಿತು. ಕೈ ಉಳಿಯಿತು ಎಂದು ಎಲ್ಲರೂ ಹೇಳಿದರು. ಉಳಿದಿದೆ. ಬೆರಳು ಮಡಚುವುದಿಲ್ಲ, ತುದಿಯಲ್ಲಿ ಸ್ಪರ್ಶ ಇಲ್ಲ. ಫಿಸಿಯೋಥೆರಪಿ ಮಾಡುವವಳು ಒಂದು ಹತ್ತಿಯ ಉಂಡೆ, ಒಂದು ಮರಳು ಕಾಗದ ಕೊಟ್ಟು, ಯಾವುದು ನುಣುಪು ಹೇಳಿ ಅಂಕಲ್ ಎಂದಳು. ಕೂದಲೆಳೆ ಹೇಳುತ್ತಿದ್ದ ಮನುಷ್ಯ ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಸವರಿ, ತಪ್ಪು ಹೇಳಿದ. ನಾನು ಎದ್ದು ಬಾಲ್ಕನಿಗೆ ಹೋದೆ.

ಡಿಸ್ಚಾರ್ಜ್ ಆದ ಮೇಲೆ ಒಂದು ಭಾನುವಾರ ವಿಜಯನಗರದ ಅವನ ಮನೆಗೆ ಹೋಗಿದ್ದೆ. ಅವನು ದಿಂಬಿನ ಮೇಲೆ ಕೈಯಿಟ್ಟುಕೊಂಡು ಮಂಚದ ಮೇಲೆ ಕೂತಿದ್ದ. ಅವನ ಹೆಂಡತಿ ಕಾಫಿ ತಂದುಕೊಟ್ಟು, ಬಾಗಿಲಿಗೆ ಒರಗಿ ನಿಂತರು.

"ಅಣ್ಣ, ನಂಗೊಂದೇ ಅರ್ಥ ಆಗ್ತಿಲ್ಲ," ಎಂದರು. "ಮದುವೆ ಆದ ಮಾರನೇ ದಿನಾನೇ ಉಂಗುರ ಬಿಚ್ಚಿಟ್ಟು ಕೆಲಸಕ್ಕೆ ಹೋದೋರು ಇವ್ರು. ನಮ್ಮಮ್ಮ ಅಪಶಕುನ ಅಂತ ಅತ್ತಿದ್ರು, ಆಗ್ಲೂ ಕೇಳ್ಲಿಲ್ಲ. ಅಂಥೋರು ಅವತ್ತು ವಾಚು ಯಾಕೆ ಬಿಚ್ಚಲಿಲ್ಲ? ನೀವು ಅಲ್ಲೇ ಇದ್ರಲ್ಲ, ಏನಾಯ್ತಣ್ಣ?"

ನಾನು ಬಾಯಿ ತೆರೆಯುವುದರೊಳಗೆ ಅವನೇ ಹೇಳಿದ.

"ಮರ್ತೋಗಿತ್ತು ಕಣೇ. ಎಷ್ಟು ಸಲ ಹೇಳ್ಲಿ?"

ಹೇಳುವಾಗ ಅವನು ಹೆಂಡತಿಯನ್ನು ನೋಡಲಿಲ್ಲ, ನನ್ನನ್ನು ನೋಡಿದ. ಆಕೆ ನನ್ನ ಕಡೆ ತಿರುಗಿ ಕಾಯುತ್ತಾ ನಿಂತರು. ಜೀವಮಾನವೆಲ್ಲ ಕಂಡಕಂಡವರಿಗೆ ಮುಖಕ್ಕೆ ಹೊಡೆದ ಹಾಗೆ ಮಾತಾಡಿದವನು ನಾನು.

"ಹೂಂ ಕಣಮ್ಮ," ಅಂದೆ. "ಮರ್ತಿದ್ದ."