ಸೆರಗಿನಲ್ಲಿ ಕಟ್ಟಿಕೊಂಡ ಪ್ರಸಾದ

ಮೊಮ್ಮಗಳು ಕ್ರೈಸ್ತರ ಹುಡುಗನನ್ನೇ ಮದುವೆಯಾಗುತ್ತೇನೆ ಎಂದಾಗ ನನ್ನ ಮಗಳು, "ಅಜ್ಜಿ ಹ್ಞೂಂ ಅಂದ್ರೆ ನಂದೂ ಹ್ಞೂಂ" ಎಂದು ಎಲ್ಲವನ್ನೂ ನನ್ನ ತಲೆಗೆ ಕಟ್ಟಿದಳು. ಮದುವೆ ನಡೆಯುವ ಜಾಗ ನೋಡದೆ ನಾನು ಬಾಯಿ ಬಿಡುವವಳಲ್ಲ. ಒಂದು ಭಾನುವಾರ ಮೊಮ್ಮಗಳ ಜೊತೆ ಬಸವನಗುಡಿಯಿಂದ ಹೊರಟೆ. ಗಾಂಧಿ ಬಜಾರಿನಲ್ಲಿ ಎರಡು ಮೊಳ ಮಲ್ಲಿಗೆ ಕೊಂಡೆ. ಯಾವ ದೇವರಾದರೇನು, ಬರಿಗೈಯಲ್ಲಿ ಹೋಗಬಾರದು.

ಮದುವೆ ನಡೆಯಬೇಕಿದ್ದ ಚರ್ಚು ಬೆಟ್ಟದ ಮೇಲಿತ್ತು, ನೋಡಿ ದಿಗಿಲಾಯಿತು. ಗೋಪುರವಿಲ್ಲ, ಗಂಟೆಯಿಲ್ಲ. ಬಣ್ಣ ಕಾಣದ ಕಾಂಕ್ರೀಟ್ ಗೋಡೆ, ಒಂದು ಕಡೆ ಸೀಳಿ ಗಾಜು ಕೂರಿಸಿದ್ದಾರೆ.

"ಏನೇ ಇದು, ನೀರಿನ ಟ್ಯಾಂಕಾ?"

"ಅಜ್ಜಿ, ಮೆತ್ತಗೆ. ಹೊಸ ಚರ್ಚು, ಸಂತರ ಹೆಸರಲ್ಲಿ ಕಟ್ಸಿದಾರೆ."

ಸಂತರನ್ನು ತೋರಿಸಿದಳು. ಕಬ್ಬಿಣದ ತಗಡಿನಲ್ಲಿ ಕತ್ತರಿಸಿದ ಉದ್ದನೆಯ ಆಕಾರ. ಕಣ್ಣಿಲ್ಲ, ಮೂಗಿಲ್ಲ. ಮಲ್ಲಿಗೆಯನ್ನು ಕಾಲಿರಬಹುದಾದ ಕಡೆ ಇಟ್ಟೆ.

ಹುಡುಗನ ತಾಯಿ ನನ್ನನ್ನು ಮುಂದಿನ ಬೆಂಚಿನಲ್ಲಿ ಪಕ್ಕದಲ್ಲೇ ಕೂರಿಸಿಕೊಂಡರು. ಪೂಜೆಯ ಕೊನೆಗೆ ಎಲ್ಲರೂ ಸಾಲಾಗಿ ನಿಂತರು. ಮೊಮ್ಮಗಳು ಫೋನ್ ಬಂತೆಂದು ಹೊರಗೆ ಹೋಗಿದ್ದಳು. ಹುಡುಗನ ತಾಯಿಯ ಹಿಂದೆ ನಾನೂ ನಿಂತೆ. ತೀರ್ಥಕ್ಕೆ ಒಡ್ಡುವಂತೆ ಅಂಗೈ ಒಡ್ಡಿದೆ. ಫಾದರ್ ಕೈ ನೋಡಿದರೇ ಹೊರತು ಮುಖ ನೋಡಲಿಲ್ಲ. ಬೆಳ್ಳಗಿನ ತೆಳು ಬಿಲ್ಲೆಯೊಂದನ್ನು ಇಟ್ಟರು. ಬೆಂಚಿಗೆ ಬಂದು ಅದನ್ನು ಎರಡು ಮಾಡಿ ಸೆರಗಿನ ತುದಿಗೆ ಗಂಟು ಹಾಕಿದೆ.

ಹುಡುಗನ ತಾಯಿ ನೋಡಿದರು. "ಅಮ್ಮಾ, ಏನು ಕಟ್ತಾ ಇದೀರಿ?"

"ಪ್ರಸಾದ. ಮಗಳಿಗೆ ಅರ್ಧ, ನಮ್ಮ ಯಜಮಾನರಿಗೆ ಅರ್ಧ."

ಅವರು ನನ್ನ ಕೈ ಹಿಡಿದುಕೊಂಡರು. "ಅದು ಪ್ರಸಾದ ಅಲ್ಲಮ್ಮ. ನಮಗೆ ಅದು ಸ್ವಾಮಿಯ ದೇಹ. ಅಲ್ಲೇ ನುಂಗ್ಬೇಕು."

ಅವರ ದೇವರನ್ನು ನಾನು ಎರಡು ತುಂಡು ಮಾಡಿ ಗಂಟು ಕಟ್ಟಿದ್ದೆ. ಅಷ್ಟರಲ್ಲಿ ಒಳಗೆ ಬಂದ ಮೊಮ್ಮಗಳು ಆ ಮಾತು ಕೇಳಿ ನಿಂತಲ್ಲೇ ನಿಂತಳು. ಮದುವೆ ಇಲ್ಲಿಗೆ ಮುಗಿಯಿತು ಎಂದೇ ಅವಳು ತಿಳಿದಳು. ನಾನೂ ತಿಳಿದೆ.

ಹುಡುಗನ ತಾಯಿ ಕರೆದಾಗ ಫಾದರ್ ಬಂದರು. ಗಂಟು ಬಿಗಿದುಕೊಂಡಿತ್ತು, ನನ್ನಿಂದ ಬಿಚ್ಚಲಾಗಲಿಲ್ಲ. ಅವರೇ ಬಿಚ್ಚಿ ಎರಡೂ ತುಂಡು ಬಾಯಿಗೆ ಹಾಕಿಕೊಂಡರು. ಸೆರಗಿನಲ್ಲಿ ಬಿಳಿ ಪುಡಿ ಉಳಿದಿತ್ತು. "ಅಪ್ಪಣೆ ಕೊಡಿ ಅಮ್ಮ" ಎಂದು ಸೆರಗಿನ ತುದಿಯನ್ನು ಬಟ್ಟಲಿನ ಮೇಲೆ ಹಿಡಿದು, ನೀರು ಹನಿಸಿ ತೊಳೆದರು. ಆಮೇಲೆ ಆ ನೀರನ್ನೂ ಕುಡಿದರು.

ಮಡಿ ಮಡಿ ಎಂದು ನಾನು ಮನೆಯವರನ್ನೆಲ್ಲ ಗೋಳು ಹುಯ್ದುಕೊಂಡವಳು. ಆದರೆ ಒಂದು ಚೂರು ಪುಡಿಗಾಗಿ ಇನ್ನೊಬ್ಬರ ಸೀರೆ ತೊಳೆದ ನೀರನ್ನು ನಾನಾಗಿದ್ದರೆ ಕುಡಿಯುತ್ತಿರಲಿಲ್ಲ. ಯಾರೂ ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ವಾಸಿ, ತಿರುಗಿ ಬೈದು ಮನೆಗೆ ಬರಬಹುದಿತ್ತು.

ಹುಡುಗನ ತಾಯಿ, "ತಪ್ಪು ನಂದೇ ಅಮ್ಮ. ಮೊದಲೇ ಹೇಳ್ಬೇಕಿತ್ತು" ಎಂದರು.

ಒಪ್ಪಿಗೆ ಕೊಡಬೇಕೋ ಬೇಡವೋ ಎಂದು ಬಂದಿದ್ದವಳು ನಾನು. ಈಗ ಕೇಳಬೇಕಾದದ್ದೇ ಬೇರೆಯಾಗಿತ್ತು.

"ನೋಡಿ, ನಮ್ಮ ಹುಡುಗಿ ಕಾಫಿ ಕುಡಿದ ಲೋಟನೂ ತೊಳೆಯೋಳಲ್ಲ. ಇಷ್ಟು ಕಟ್ಟುನಿಟ್ಟು ಅವಳಿಂದ ಆಗಲ್ಲ. ನಿಮಗೆ ಒಪ್ಪಿಗೆನಾ?"

"ಅಜ್ಜಿ" ಎಂದು ಮೊಮ್ಮಗಳು ಹಲ್ಲು ಕಚ್ಚಿದಳು.

ಹುಡುಗನ ತಾಯಿ ನನ್ನ ಒದ್ದೆ ಸೆರಗನ್ನು ತಮ್ಮ ಕರವಸ್ತ್ರದಲ್ಲಿ ಒತ್ತುತ್ತಿದ್ದರು. "ನಮ್ಮ ಹುಡುಗನೂ ತೊಳೆಯಲ್ಲಮ್ಮ" ಎಂದರು.

ಮಗಳಿಗೆ ಅಲ್ಲಿಂದಲೇ ಫೋನ್ ಮಾಡಿಸಿ ಹ್ಞೂಂ ಎಂದೆ.